ಹಿರೇಬೆಣಕಲ್ ಗುಡ್ಡ ಹತ್ತಿ ಐರ್ಲೆಂಡ್ ನೋಡುವುದು ಹೇಗೆ

ನಮ್ಮ ಅಕ್ಕನ ಮಗ ಓದಲು ಡಬ್ಲಿನ್‌ಗೆ ಹೋಗಿ ಮೂರು ತಿಂಗಳಾಗಿತ್ತು. ಒಂದು ದಿನ ಫೋನ್ ಮಾಡಿ, "ಮಾಮಾ, ಇಲ್ಲಿ ಬರೀ ಮಳಿ, ಬರೀ ಹಸರು, ಮೂಲಿಗೊಂದು ಪಬ್. ನೋಡಾಕ ಏನೈತಿ ಇಲ್ಲಿ?" ಅಂದ. ಗಂಗಾವತಿ ಹುಡುಗ. ಹಿರೇಬೆಣಕಲ್ ಗುಡ್ಡದಿಂದ ಹತ್ತು ಕಿಲೋಮೀಟರ್ ದೂರದಲ್ಲಿ ಬೆಳೆದವನು, ಒಂದು ಸಲವೂ ಅದನ್ನು ಹತ್ತಿದವನಲ್ಲ. "ಊರಿಗೆ ಬಂದಾಗ ಮೊದಲು ಗುಡ್ಡ ಹತ್ತೋಣ ಬಾ, ಆಮೇಲೆ ನಿಂಗ ಐರ್ಲೆಂಡ್ ಕಾಣತೈತಿ" ಅಂದೆ. ಮಾಮಾಗೆ ಬಿಸಿಲು ತಲೆಗೆ ಹತ್ತಿದೆ ಅಂದುಕೊಂಡಿರಬೇಕು, ನಕ್ಕು ಫೋನ್ ಇಟ್ಟ.

ಅವನಿಗೆ ಆಮೇಲೆ ಹೇಳಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಐರ್ಲೆಂಡಿಗೆ ಹೋಗುವವರಿಗೂ ಆಯಿತು, ಮನೆಯಲ್ಲೇ ಕೂತು ತಿಳಿದುಕೊಳ್ಳುವವರಿಗೂ ಆಯಿತು. ನಾನೂ ಹೋದವನಲ್ಲ. ಪಾಸ್‌ಪೋರ್ಟ್ ಇದೆ, ದುಡ್ಡಿಲ್ಲ. ಆದರೆ ಹತ್ತು ಹನ್ನೆರಡು ವರ್ಷದಿಂದ ಈ ದೇಶದ ಹುಚ್ಚು ಹಿಡಿದಿದೆ, ಸಿಕ್ಕಿದ್ದೆಲ್ಲ ಓದಿದ್ದೇನೆ. ಎಲ್ಲರೂ ಮಾರ್ಚ್ 17ರ ಸಂತ ಪ್ಯಾಟ್ರಿಕ್ ಹಬ್ಬದ ಹಸಿರು ಟೋಪಿ, ಹಸಿರು ಬಿಯರ್‌ನಿಂದ ಶುರು ಮಾಡುತ್ತಾರೆ. ನೀವು ಹಾಗೆ ಮಾಡಬೇಡಿ. ಬಿಯರನ್ನು ಕೊನೆಗೆ ಇಟ್ಟುಕೊಳ್ಳಿ, ಕಲ್ಲಿನಿಂದ ಶುರು ಮಾಡಿ.

ಮೊದಲು ಕಲ್ಲು

ಗಂಗಾವತಿಯಿಂದ ಕೊಪ್ಪಳದ ಕಡೆ ಸುಮಾರು 10 ಕಿ.ಮೀ. ಹೋದರೆ ಹಿರೇಬೆಣಕಲ್. ಊರ ಹತ್ತಿರವೇ ಗುಡ್ಡ. ಸರಿಯಾದ ದಾರಿ ಅಂತ ಇಲ್ಲ, ಬಂಡೆಗಳ ನಡುವೆ ಕುರಿ ಕಾಯುವವರು ತುಳಿದು ಮಾಡಿದ ಕಾಲುಹಾದಿ. ಬೆಳಗ್ಗೆ ಏಳಕ್ಕೇ ಹತ್ತಲು ಶುರು ಮಾಡಿ. ಎರಡು ಲೀಟರ್ ನೀರು ಬೇಕೇ ಬೇಕು, ಮೇಲೆ ಅಂಗಡಿ ಇಲ್ಲ, ನೆರಳೂ ಕಮ್ಮಿ. ಊರಿನವರು ಯಾರನ್ನಾದರೂ ಜೊತೆಗೆ ಕರೆದುಕೊಂಡರೆ ಒಳ್ಳೆಯದು. ಮೇಲೆ ಹೋದಮೇಲೆ ಕಾಣುತ್ತವೆ ನೋಡಿ, ಕಲ್ಲಿನ ಮನೆಗಳು. ಚಪ್ಪಡಿಗಳನ್ನು ನಿಲ್ಲಿಸಿ ಗೋಡೆ, ಮೇಲೊಂದು ಚಪ್ಪಡಿ ಹೊದಿಕೆ, ಕೆಲವದರ ಒಂದು ಗೋಡೆಯಲ್ಲಿ ದುಂಡನೆಯ ಕಿಂಡಿ. ಚಿಕ್ಕವು ದೊಡ್ಡವು ಸೇರಿ ಸುಮಾರು 400 ಇವೆ. ಕ್ರಿ.ಪೂ. 800ರಿಂದ 200ರ ನಡುವಿನವು ಅಂತ ಅಂದಾಜು. ಸತ್ತವರಿಗೆ ಅಂತ ಕಟ್ಟಿದ್ದು. ಆದರೆ ನಮ್ಮ ಕಡೆ ಜನ ಇದನ್ನು ಮೋರೇರ ಮನೆ ಅನ್ನುತ್ತಾರೆ. ಮೋರೇರು ಅಂದರೆ ಕುಳ್ಳಗಿನ ಜನ, ಹಿಂದೆ ಇಲ್ಲಿ ಸಂಸಾರ ಮಾಡಿಕೊಂಡಿದ್ದರು ಅಂತ ಹಿರಿಯರ ಮಾತು.

ಅಲ್ಲೇ ಒಂದು ಬಂಡೆಯ ಮೇಲೆ ಕೂತು ಮೊಬೈಲ್‌ನಲ್ಲಿ ಪೋಲ್‌ನಬ್ರೋನ್ ಅಂತ ಹುಡುಕಿ. (ಸಿಗ್ನಲ್ ನಂಬಬೇಡಿ, ಫೋಟೊವನ್ನು ಮನೆಯಲ್ಲೇ ಇಳಿಸಿಕೊಂಡು ಹೋಗಿ.) ಐರ್ಲೆಂಡಿನ ಪಶ್ಚಿಮಕ್ಕೆ ಕ್ಲೇರ್ ಕೌಂಟಿಯಲ್ಲಿ ಬರೆನ್ ಅಂತ ಸುಣ್ಣಕಲ್ಲಿನ ಬಯಲಿದೆ. ಅದರ ನಡುವೆ ನಿಂತ ಕಲ್ಲಿನ ಮನೆ ಇದು. ಫೋಟೊವನ್ನು ನಿಮ್ಮ ಮುಂದಿನ ಕಲ್ಲಿನ ಪಕ್ಕ ಹಿಡಿದು ನೋಡಿ. ಅಣ್ಣ ತಮ್ಮ ಅನ್ನಿಸುತ್ತೆ, ಅಲ್ವಾ? ಪೋಲ್‌ನಬ್ರೋನ್ ಐದು ಸಾವಿರ ವರ್ಷಕ್ಕೂ ಹಳೆಯದು. 1980ರ ದಶಕದಲ್ಲಿ ಅಗೆದಾಗ 30ಕ್ಕೂ ಹೆಚ್ಚು ಜನರ ಎಲುಬು ಸಿಕ್ಕವು. ಅಲ್ಲಿನ ಹಳ್ಳಿಯವರೂ ಇಂಥ ಕಲ್ಲು, ದಿಬ್ಬಗಳನ್ನು ಕಂಡರೆ ಕುಳ್ಳ ಜನರ ಕಥೆಯನ್ನೇ ಹೇಳುತ್ತಾರೆ. ಕಣ್ಣಿಗೆ ಬೀಳದ ಆ ಮಂದಿ ದಿಬ್ಬದೊಳಗೆ ಇರುತ್ತಾರಂತೆ, ಅವರ ಮರ ಕಡಿದರೆ ಕೇಡಂತೆ. ಸುಮ್ನೆ ಕಥೆ ಅನ್ನಬೇಡಿ. 1999ರಲ್ಲಿ ಅದೇ ಕ್ಲೇರ್‌ನಲ್ಲಿ ಹೆದ್ದಾರಿ ಮಾಡುವಾಗ ಅಂಥ ಒಂದು ಮುಳ್ಳಿನ ಮರ ಅಡ್ಡ ಬಂತು. ಕಥೆ ಹೇಳುವ ಒಬ್ಬರು ಅದನ್ನು ಕಡಿಯಬೇಡಿ ಅಂತ ಗದ್ದಲ ಎಬ್ಬಿಸಿದರು, ಕೊನೆಗೆ ಮರ ಉಳಿಯಿತು. ನಮ್ಮಲ್ಲಿ ರಸ್ತೆ ಅಗಲ ಮಾಡುವಾಗ ಗುಡಿ ಕಟ್ಟೆಯ ಬೇವಿನ ಮರದ ಹತ್ತಿರ ಜೆಸಿಬಿ ಬಂದು ನಿಂತುಬಿಡುತ್ತದಲ್ಲ, ಅದೇ ಕಥೆ.

ಈ ಹೋಲಿಕೆ ಮೊದಲು ಕಂಡವನು ನಾನಲ್ಲ. ಸುರಪುರದ ಕಡೆಯವರಿಗೆ ಮೆಡೋಸ್ ಟೇಲರ್ ಹೆಸರು ಗೊತ್ತೇ ಇದೆ. ಹುಟ್ಟಿದ್ದು ಲಿವರ್‌ಪೂಲ್‌ನಲ್ಲಿ, ಕೆಲಸ ನಿಜಾಮನ ಹತ್ತಿರ, ನಿವೃತ್ತಿಯಾದಮೇಲೆ ನೆಲೆಸಿದ್ದು ಡಬ್ಲಿನ್‌ನಲ್ಲಿ. ನಮ್ಮ ಸೀಮೆಯ ಕಲ್ಗೋರಿಗಳನ್ನು ಅಳೆದು, ಚಿತ್ರ ಬರೆದು, 1860ರ ದಶಕದಲ್ಲಿ ಅದನ್ನು ಡಬ್ಲಿನ್‌ನ ರಾಯಲ್ ಐರಿಷ್ ಅಕಾಡೆಮಿಯ ಮುಂದೆ ಇಟ್ಟ. ಎರಡೂ ಕಡೆ ಕಟ್ಟಿದವರು ಒಂದೇ ಕುಲದ ಜನ ಇರಬಹುದು ಅನ್ನುವುದು ಅವನ ಲೆಕ್ಕ. ಆ ಲೆಕ್ಕ ತಪ್ಪು. ಎರಡಕ್ಕೂ ನಡುವೆ ಎರಡು ಮೂರು ಸಾವಿರ ವರ್ಷದ ಅಂತರ ಇದೆ, ಸಂಬಂಧ ಏನೂ ಇಲ್ಲ. ಆದರೂ ಕಲ್ಲು ಎತ್ತಿ ಕಲ್ಲಿನ ಮೇಲಿಟ್ಟು ಸತ್ತವರನ್ನು ನೆನೆಯಬೇಕು ಅನ್ನುವ ಯೋಚನೆ ಎರಡು ಕಡೆಯೂ ತಾನಾಗೇ ಹುಟ್ಟಿತು ಅನ್ನುವುದು ನನಗೆ ಒಂದೇ ಕುಲ ಅನ್ನುವುದಕ್ಕಿಂತ ಜಾಸ್ತಿ ಆಶ್ಚರ್ಯ.

ಡಬ್ಲಿನ್‌ನಿಂದ ಒಂದು ದಿನದಲ್ಲಿ ಹೋಗಿಬರುವ ಜಾಗ ನ್ಯೂಗ್ರೇಂಜ್. ಕ್ರಿ.ಪೂ. 3200ರ ಹೊತ್ತಿನ ದೊಡ್ಡ ಗೋರಿ ದಿಬ್ಬ, ಒಳಗೆ 19 ಮೀಟರ್ ಉದ್ದದ ಓಣಿ. ಡಿಸೆಂಬರ್ 21ರ ಆಸುಪಾಸಿನ ಬೆಳಗ್ಗೆ, ಬಾಗಿಲ ಮೇಲಿನ ಕಿಂಡಿಯಿಂದ ಸೂರ್ಯನ ಬೆಳಕು ಒಳಗಿನ ಕೋಣೆವರೆಗೂ ತಲುಪಿ ಸುಮಾರು 17 ನಿಮಿಷ ಇರುತ್ತದೆ. ಆ ದಿನ ಒಳಗೆ ಹೋಗಬೇಕೆಂದರೆ ಲಾಟರಿಯಲ್ಲಿ ಹೆಸರು ಬರಬೇಕು. ಬರಲಿಲ್ಲ ಅಂದರೆ ಚಿಂತೆ ಬೇಡ, ಬೇರೆ ದಿನಗಳಲ್ಲಿ ದೀಪ ಹಾಕಿ ಅದೇ ಬೆಳಕನ್ನು ತೋರಿಸುತ್ತಾರೆ. ಹಂಪಿ ವಿರೂಪಾಕ್ಷನ ಗುಡಿಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ಬಾಯಿ ತೆರೆದು ನೋಡಿದವರಿಗೆ ಇದರ ರುಚಿ ಬೇಗ ಹತ್ತುತ್ತದೆ.

ಇನ್ನೊಂದು, ಓಗಮ್ ಅನ್ನುವ ಹಳೆಯ ಲಿಪಿ ಕೆತ್ತಿದ ಕಲ್ಲು. ಸುಮಾರು 400 ಕಲ್ಲುಗಳು ಉಳಿದಿವೆ, ಹೆಚ್ಚಿನವು 4ರಿಂದ 6ನೇ ಶತಮಾನದವು. ಅಕ್ಷರ ಅಂದರೆ ಬರೀ ಗೀಟು. ಹಾಲಿನವ ಗೋಡೆ ಮೇಲೆ ಲೆಕ್ಕಕ್ಕೆ ಹಾಕುತ್ತಾನಲ್ಲ, ಹಾಗೆ ಕಲ್ಲಿನ ಅಂಚಿನ ಉದ್ದಕ್ಕೂ ಗೀಟುಗಳು. ಕೆಳಗಿನಿಂದ ಮೇಲಕ್ಕೆ ಓದಬೇಕು. ಓದಿದರೆ ಏನಿರುತ್ತದೆ? ಇಂಥವನ ಮಗ ಇಂಥವನು, ಅಷ್ಟೇ. ಮಸ್ಕಿಯಲ್ಲಿ, ಕೊಪ್ಪಳದ ಗವಿಮಠದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನ ನೋಡಿ ಬೆಳೆದ ನಮಗೆ ಇದು ಸಣ್ಣದು ಅನ್ನಿಸಬಹುದು. ಆದರೆ ಐರಿಷ್ ಭಾಷೆಯ ಅತಿ ಹಳೆಯ ಬರಹ ಇದೇ.

ಆಮೇಲೆ ಸನ್ಯಾಸಿಗಳು

ಐರ್ಲೆಂಡಿಗೆ ಕ್ರೈಸ್ತ ಧರ್ಮ ತಂದ ಸಂತ ಅಂತ ಹೆಸರಾದ ಪ್ಯಾಟ್ರಿಕ್ ಐರ್ಲೆಂಡಿನವನಲ್ಲ. ಇದನ್ನು ಹೇಳಿದರೆ ಹಸಿರು ಟೋಪಿ ಹಾಕಿದ ಅರ್ಧ ಜನ ನಂಬುವುದಿಲ್ಲ. 5ನೇ ಶತಮಾನದ ಬ್ರಿಟನ್ನಿನ ಹುಡುಗ, 16ನೇ ವಯಸ್ಸಿಗೆ ಐರಿಷ್ ದರೋಡೆಕೋರರು ಹೊತ್ತೊಯ್ದರು, ಆರು ವರ್ಷ ಜೀತಕ್ಕಿದ್ದು ಕುರಿ ಕಾಯ್ದ, ತಪ್ಪಿಸಿಕೊಂಡು ಊರು ಸೇರಿದ, ಮತ್ತೆ ಬಿಷಪ್ ಆಗಿ ತನ್ನನ್ನು ಹೊತ್ತೊಯ್ದವರ ನಾಡಿಗೇ ವಾಪಸ್ ಬಂದ. ಇಷ್ಟೂ ಅವನೇ ಬರೆದಿಟ್ಟದ್ದು. ಅವನು ಮೊದಲಿಗನೂ ಅಲ್ಲ, 431ರಲ್ಲೇ ಪೋಪ್ ಪಲ್ಲಾಡಿಯಸ್ ಎಂಬ ಬಿಷಪ್‌ನನ್ನು ಕಳಿಸಿದ್ದ. ಇನ್ನು ಅವನು ನಾಡಿನ ಹಾವನ್ನೆಲ್ಲ ಓಡಿಸಿದ ಅನ್ನುವ ಕಥೆ: ಹಿಮಯುಗ ಮುಗಿದ ಮೇಲೆ ಐರ್ಲೆಂಡಿನಲ್ಲಿ ಹಾವೇ ಇರಲಿಲ್ಲ. ಇಲ್ಲದ ಹಾವನ್ನು ಓಡಿಸುವುದು ಎಷ್ಟು ಸುಲಭ! ನಮ್ಮ ಗದ್ದೆ ಬದುವಿಗೆ ಬಂದಿದ್ದರೆ ಗೊತ್ತಾಗುತ್ತಿತ್ತು.

ಪ್ಯಾಟ್ರಿಕ್‌ಗಿಂತ ನನಗೆ ಜಾಸ್ತಿ ಇಷ್ಟವಾಗುವವಳು ಬ್ರಿಜಿಡ್ ಅನ್ನುವ ಸನ್ಯಾಸಿನಿ. ಅವಳ ಮಠ ಕಿಲ್ಡೇರ್‌ನಲ್ಲಿತ್ತು. ಅಪ್ಪನ ಬೆಲೆಬಾಳುವ ಕತ್ತಿಯನ್ನೇ ಬಡವನಿಗೆ ಕೊಟ್ಟುಬಿಟ್ಟಳಂತೆ, ಮನೆಯ ಬೆಣ್ಣೆಯನ್ನೆಲ್ಲ ಹಂಚಿದರೂ ಗಡಿಗೆ ಮತ್ತೆ ತುಂಬುತ್ತಿತ್ತಂತೆ, ಸ್ನಾನದ ನೀರನ್ನು ಬಿಯರ್ ಮಾಡಿ ಬಾಯಾರಿದವರಿಗೆ ಕೊಟ್ಟಳಂತೆ. ಬಿಯರ್ ಒಂದನ್ನು ಬಿಟ್ಟರೆ, ದಾಸೋಹದ ಕಥೆ ಕೇಳಿ ಬೆಳೆದವರಿಗೆ ಇದೇನು ಹೊಸದಲ್ಲ. ಗವಿಸಿದ್ಧೇಶ್ವರ ಜಾತ್ರೆಯಲ್ಲಿ ಕೊಪ್ಪಳದ ಸುತ್ತಲಿನ ಹಳ್ಳಿಗಳಿಂದ ರೊಟ್ಟಿ ಬುಟ್ಟಿ ಬರುವುದನ್ನು ನೋಡಿದವರು ಬ್ರಿಜಿಡ್‌ಳನ್ನು ಅರ್ಥ ಮಾಡಿಕೊಳ್ಳಲು ಪುಸ್ತಕ ಓದಬೇಕಿಲ್ಲ. ಅವಳ ಹಬ್ಬ ಫೆಬ್ರವರಿ 1ಕ್ಕೆ. ಆ ದಿನ ಜೊಂಡು ಹುಲ್ಲಿನಿಂದ ಶಿಲುಬೆ ಹೆಣೆದು ಬಾಗಿಲಿಗೆ ಕಟ್ಟುತ್ತಾರೆ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಮಾಡಿಸಿ. ತುಂಗಭದ್ರಾ ಕಾಲುವೆ ಪಕ್ಕ ಬೇಕಾದಷ್ಟು ಜೊಂಡು ಸಿಗುತ್ತದೆ. ನೀರಲ್ಲಿ ನೆನೆಸಿ ಹೆಣೆಯಬೇಕು, ಒಣಗಿದ್ದು ಮುರಿಯುತ್ತದೆ. ಐರ್ಲೆಂಡ್ ಸರ್ಕಾರ 2023ರಿಂದ ಈ ಹಬ್ಬಕ್ಕೆ ರಜೆ ಕೊಡುತ್ತಿದೆ.

ಮಠಗಳನ್ನು ನೋಡುವುದಾದರೆ ಗ್ಲೆಂಡಲಾಕ್‌ನಿಂದ ಶುರು ಮಾಡಿ, ಡಬ್ಲಿನ್‌ನಿಂದ ದಕ್ಷಿಣಕ್ಕೆ ಹತ್ತಿರ. ಎರಡು ಕೆರೆ, ಕಣಿವೆ, 30 ಮೀಟರ್ ಎತ್ತರದ ದುಂಡು ಗೋಪುರ. ಗೋಪುರದ ಬಾಗಿಲು ಎಲ್ಲಿದೆ ಅಂತ ಗಮನಿಸಿ, ನೆಲದಿಂದ ಸುಮಾರು ಮೂರೂವರೆ ಮೀಟರ್ ಮೇಲೆ! ಏಣಿ ಇಲ್ಲದೆ ಒಳಗೆ ಹೋಗಲು ಆಗುವುದಿಲ್ಲ. ಮೊನಾಸ್ಟರ್‌ಬೊಯ್ಸ್‌ನಲ್ಲಿ 5 ಮೀಟರಿಗೂ ಎತ್ತರದ ಕಲ್ಲಿನ ಶಿಲುಬೆ ಇದೆ, ಮೈತುಂಬ ಬೈಬಲ್ ಕಥೆ ಕೆತ್ತಿದ್ದಾರೆ. ಹಜಾರ ರಾಮನ ಗುಡಿ ಗೋಡೆಯಲ್ಲಿ ರಾಮಾಯಣ ಓದುತ್ತೇವಲ್ಲ, ಹಾಗೇ ಸುತ್ತು ಹಾಕಿ ಓದಿ. ಕಾಲಲ್ಲಿ ಶಕ್ತಿ ಇದ್ದವರು ಸ್ಕೆಲ್ಲಿಗ್ ಮೈಕಲ್‌ಗೆ ಹೋಗಬೇಕು. ಕೆರ್ರಿ ಕರಾವಳಿಯಿಂದ ಸುಮಾರು 12 ಕಿ.ಮೀ. ದೂರದ ಬಂಡೆ ದ್ವೀಪ, ಸಮುದ್ರದಿಂದ ಚಾಚಿದ ಕೋಡುಗಲ್ಲಿನಂತೆ. ಅದರ ಮೇಲೆ ಗಾರೆ ಇಲ್ಲದೆ ಕಲ್ಲು ಜೋಡಿಸಿ, ಜೇನುಗೂಡಿನ ಆಕಾರದ ಗುಡಿಸಲು ಕಟ್ಟಿಕೊಂಡು ಸನ್ಯಾಸಿಗಳು ಶತಮಾನಗಟ್ಟಲೆ ಇದ್ದರು. ಅಂಜನಾದ್ರಿಗೆ 575 ಮೆಟ್ಟಿಲು, ಇದಕ್ಕೆ 600ಕ್ಕೂ ಸ್ವಲ್ಪ ಜಾಸ್ತಿ. ವ್ಯತ್ಯಾಸ ಏನೆಂದರೆ ಅಲ್ಲಿ ಕೈಹಿಡಿ ಇಲ್ಲ, ನಿಂಬೆ ಸೋಡಾದವನೂ ಇಲ್ಲ. ಬೇಸಿಗೆಯಲ್ಲಿ ಮಾತ್ರ ದೋಣಿ, ಅದೂ ಸಮುದ್ರ ಒಪ್ಪಿದರೆ.

ಸನ್ಯಾಸಿಗಳ ದೊಡ್ಡ ಆಸ್ತಿ ಪುಸ್ತಕ. ಬುಕ್ ಆಫ್ ಕೆಲ್ಸ್ ಹೆಸರು ಕೇಳಿರುತ್ತೀರಿ. ಸುಮಾರು 800ನೇ ಇಸವಿಯಲ್ಲಿ ಕರುವಿನ ಚರ್ಮದ ಮೇಲೆ ಬರೆದ ಸುವಾರ್ತೆಗಳು, 340 ಹಾಳೆ, ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿದೆ. ಟಿಕೆಟ್ ತಗೊಂಡು ಹೋದರೆ ಗಾಜಿನ ಪೆಟ್ಟಿಗೆಯಲ್ಲಿ ತೆರೆದಿಟ್ಟ ಪುಟ ಅಷ್ಟೇ ಕಾಣುತ್ತದೆ, ಹಿಂದಿನವರು ನೂಕುತ್ತಿರುತ್ತಾರೆ. ಅದಕ್ಕಿಂತ ಮನೆಯಲ್ಲೇ ನೋಡಿ. ಕಾಲೇಜಿನವರು ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿ ಪುಕ್ಕಟೆ ಇಟ್ಟಿದ್ದಾರೆ. 34ನೇ ಹಾಳೆ ತೆಗೆಯಿರಿ, ಕ್ರಿಸ್ತನ ಹೆಸರಿನ ಮೊದಲಕ್ಷರ ಪುಟ ತುಂಬಿ ಬಳ್ಳಿಯ ಹಾಗೆ ಸುತ್ತಿಕೊಂಡಿದೆ. ಈಗ ಕೆಳಭಾಗವನ್ನು ದೊಡ್ಡದು ಮಾಡಿ ಹುಡುಕಿ. ಎರಡು ಬೆಕ್ಕು ಸುಮ್ಮನೆ ಕೂತಿವೆ, ಮುಂದೆ ಇಲಿಗಳು ಪ್ರಸಾದದ ರೊಟ್ಟಿ ಕಚ್ಚಿಕೊಂಡಿವೆ. ಸ್ವಲ್ಪ ಆಚೆ ನೀರುನಾಯಿಯೊಂದು ಮೀನು ಹಿಡಿದಿದೆ. ಅಷ್ಟು ಪವಿತ್ರ ಪುಟದಲ್ಲಿ, ದೀಪದ ಬೆಳಕಲ್ಲಿ ಕಣ್ಣು ನೋಯಿಸಿಕೊಂಡು, ಯಾರೋ ಸ್ವಾಮಿ ಮಠದ ಬೆಕ್ಕನ್ನು ಬರೆದಿದ್ದಾನೆ! ನಾನು ಅದನ್ನು ಮೊದಲ ಸಲ ಕಂಡ ದಿನ ರಾತ್ರಿ ಹನ್ನೆರಡಾಗಿತ್ತು, ಮನೆಯಲ್ಲಿ ಎಲ್ಲರನ್ನೂ ಎಬ್ಬಿಸಿ ತೋರಿಸಿ ಬೈಸಿಕೊಂಡೆ.

ಪುಸ್ತಕದ ಇಂಥ ಹುಚ್ಚಿಗೆ ಹಿಂದೆ ಒಂದು ಯುದ್ಧವೂ ಆಯಿತಂತೆ. ಕೊಲುಂಬ ಅನ್ನುವ ಸನ್ಯಾಸಿ ಗುರುವಿನ ಪುಸ್ತಕವನ್ನು ಕದ್ದು ನಕಲು ಮಾಡಿಕೊಂಡ. ಜಗಳ ರಾಜನ ಹತ್ತಿರ ಹೋಯಿತು. ಹಸುವಿನ ಕರು ಹಸುವಿನವನಿಗೆ, ಪುಸ್ತಕದ ನಕಲು ಪುಸ್ತಕದವನಿಗೆ ಅಂತ ರಾಜನ ತೀರ್ಪು. ಕೊಲುಂಬ ಒಪ್ಪಲಿಲ್ಲ, 561ರ ಸುಮಾರಿಗೆ ಹೊಡೆದಾಟವಾಗಿ ತುಂಬ ಜನ ಸತ್ತರು, ಅದರ ಪಶ್ಚಾತ್ತಾಪಕ್ಕೆ 563ರಲ್ಲಿ ನಾಡು ಬಿಟ್ಟು ಸ್ಕಾಟ್ಲೆಂಡಿನ ಅಯೋನಾ ದ್ವೀಪಕ್ಕೆ ಹೋದ ಅನ್ನುವುದು ಕಥೆ. ಜೆರಾಕ್ಸ್ ಅಂಗಡಿಯಲ್ಲಿ ಇಡೀ ಟೆಕ್ಸ್ಟ್ ಬುಕ್ ನಕಲು ಮಾಡಿಸಿದ ನಮ್ಮಂಥವರು ಈ ಕಥೆ ಮುಂದೆ ತಲೆ ತಗ್ಗಿಸಬೇಕು.

ಭಾಷೆಯನ್ನೂ ಒಂದಿಷ್ಟು ಮುಟ್ಟಿ ನೋಡಿ. ಊರ ಹೆಸರು ಬಿಡಿಸುವುದು ಸುಲಭದ ದಾರಿ. ನಮ್ಮಲ್ಲಿ ಕಲ್, ಹಾಳ, ಊರು ಇದ್ದಂತೆ ಅಲ್ಲಿ ಕಿಲ್ ಅಂದರೆ ಚರ್ಚು, ಡನ್ ಅಂದರೆ ಕೋಟೆ, ಬ್ಯಾಲಿ ಅಂದರೆ ಊರು. ಕಿಲ್ಡೇರ್ ಅಂದರೆ ಓಕ್ ಮರದ ಚರ್ಚು. ಡಬ್ಲಿನ್ ಅಂದರೆ ಕರೀಹೊಂಡ. ಒಬ್ಬರು "ಡಿಯ ಗ್ವಿತ್" ಅಂದರೆ, ದೇವರು ನಿನ್ನ ಜೊತೆಗಿರಲಿ ಅಂತ. ಅದಕ್ಕೆ ಇನ್ನೊಬ್ಬರು ದೇವರೂ ಮೇರಿಯೂ ನಿನ್ನ ಜೊತೆಗಿರಲಿ ಅಂತ ಒಂದು ಮೆಟ್ಟಿಲು ಮೇಲೆ ಹೋಗಿ ಉತ್ತರ ಕೊಡಬೇಕು. ಶರಣು ಅಂದರೆ ಶರಣು ಶರಣಾರ್ಥಿ ಅನ್ನುತ್ತೇವಲ್ಲ, ಅದೇ ಲೆಕ್ಕ.

ಹಸಿವಿನ ಮಾತು

ಇದನ್ನು ಬಿಟ್ಟು ಅಡುಗೆಮನೆಗೆ ಹೋಗಬೇಡಿ. ಹೋದರೆ ಆಲೂಗಡ್ಡೆ ಬರೀ ಆಲೂಗಡ್ಡೆಯಾಗಿ ಉಳಿಯುತ್ತದೆ.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಅಂಗಮಾರಿ ರೋಗ ಬಂತು. ಬಡ ಗೇಣಿದಾರನಿಗೆ ಮೂರು ಹೊತ್ತೂ ಅದೇ ಊಟ, ಅದೂ ಹೆಚ್ಚಾಗಿ ಒಂದೇ ತಳಿ. ರಾತ್ರಿ ಚೆನ್ನಾಗಿದ್ದ ಹೊಲ ಕೆಲವೇ ದಿನದಲ್ಲಿ ಕಪ್ಪಾಗಿ ಕೊಳೆತು ನಾರಿತು. 1852ರ ಹೊತ್ತಿಗೆ ಸುಮಾರು 10 ಲಕ್ಷ ಜನ ಸತ್ತಿದ್ದರು, ಇನ್ನೂ 10 ಲಕ್ಷ ಜನ ಹಡಗು ಹತ್ತಿದ್ದರು. ಆ ವರ್ಷಗಳಲ್ಲೂ ಐರ್ಲೆಂಡಿನಿಂದ ಧಾನ್ಯ, ಬೆಣ್ಣೆ, ದನ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. 1841ರಲ್ಲಿ ದ್ವೀಪದಲ್ಲಿ 80 ಲಕ್ಷಕ್ಕೂ ಹೆಚ್ಚು ಜನ ಇದ್ದರು, ಇವತ್ತಿಗೂ ಅಷ್ಟು ಆಗಿಲ್ಲ.

ಬಳ್ಳಾರಿಯವರಿಗೆ ಇದು ದೂರದ ಸುದ್ದಿ ಅಲ್ಲ. 1876ರಿಂದ 78ರ ಧಾತು, ಈಶ್ವರ ಸಂವತ್ಸರದ ಬರದಲ್ಲಿ ಮದ್ರಾಸ್ ಪ್ರಾಂತ್ಯದ ಎಲ್ಲ ಜಿಲ್ಲೆಗಳಿಗಿಂತ ಕೆಟ್ಟದಾಗಿ ಬಡಿಸಿಕೊಂಡವುಗಳಲ್ಲಿ ಬಳ್ಳಾರಿಯೂ ಒಂದು. ಆಗಲೂ ಬಂದರಿನಿಂದ ಧಾನ್ಯ ಹೊರಗೆ ಹೋಗುತ್ತಿತ್ತು. ಐರ್ಲೆಂಡ್ ಬರದ ಹೊತ್ತಿಗೆ ಲಂಡನ್ ಖಜಾನೆಯಲ್ಲಿ ಕೂತು ಪರಿಹಾರದ ಕೈ ಬಿಗಿಹಿಡಿದ ಚಾರ್ಲ್ಸ್ ಟ್ರೆವೆಲ್ಯಾನ್ ಅನ್ನುವ ಅಧಿಕಾರಿ 1859ರಲ್ಲಿ ಎಲ್ಲಿಗೆ ಬಂದ ಗೊತ್ತಾ? ಮದ್ರಾಸಿಗೆ, ಗವರ್ನರ್ ಆಗಿ. ಧಾತು ಬರದ ಹೊತ್ತಿಗೆ ಅವನು ಹೋಗಿಯಾಗಿತ್ತು, ಆದರೆ ಮಾರುಕಟ್ಟೆ ತಾನೇ ನೋಡಿಕೊಳ್ಳುತ್ತದೆ ಅನ್ನುವ ಆ ಯೋಚನೆ ಹೋಗಿರಲಿಲ್ಲ. ಇನ್ನೊಂದು ಕಡೆ, ಐರಿಷ್ ಬರಕ್ಕೆ ಹೊರಗಿನಿಂದ ಮೊದಲು ಬಂದ ದೊಡ್ಡ ಸಹಾಯಗಳಲ್ಲಿ ಒಂದು ಕಲ್ಕತ್ತದಿಂದ ಹೋದದ್ದು, ಸುಮಾರು 14,000 ಪೌಂಡ್. ಅಮೆರಿಕದ ಚೋಕ್ಟಾ ಬುಡಕಟ್ಟಿನವರು, ತಾವೇ ನೆಲ ಕಳೆದುಕೊಂಡು ಬೀದಿಗೆ ಬಿದ್ದಿದ್ದವರು, 1847ರಲ್ಲಿ 170 ಡಾಲರ್ ಕೂಡಿಸಿ ಕಳಿಸಿದರು. ಐರಿಷರು ಅದನ್ನು ಮರೆತಿಲ್ಲ. ಡಬ್ಲಿನ್‌ಗೆ ಹೋದರೆ ಲಿಫಿ ನದಿ ದಂಡೆಯ ಬರದ ಸ್ಮಾರಕದ ಮುಂದೆ ಹತ್ತು ನಿಮಿಷ ನಿಲ್ಲಿ. ಬಡಕಲು ಕಂಚಿನ ಜನ ಬಂದರಿನ ಕಡೆ ನಡೆಯುತ್ತಿದ್ದಾರೆ. ಸೆಲ್ಫಿ ಬೇಡ.

ಹಾಗಂತ ಐರಿಷರನ್ನು ಬರೀ ನೊಂದವರು ಅಂತ ಹಾಡಿ ಹೊಗಳಬೇಕಿಲ್ಲ. ನಮ್ಮ ಸೀಮೆಯಲ್ಲಿ ಇಂಗ್ಲಿಷರಿಗೆ ನೀರು ಕುಡಿಸಿದ ಧೋಂಡಿಯ ವಾಘ್‌ನನ್ನು 1800ರ ಸೆಪ್ಟೆಂಬರ್‌ನಲ್ಲಿ ರಾಯಚೂರು ದೋಆಬ್‌ನ ಕೋನಗಲ್ ಹತ್ತಿರ ಮುಗಿಸಿದ ಆರ್ಥರ್ ವೆಲ್ಲೆಸ್ಲಿ ಹುಟ್ಟಿದ್ದು ಡಬ್ಲಿನ್‌ನಲ್ಲೇ. 1920ರಲ್ಲಿ ತಮ್ಮ ನಾಡಿನ ಮೇಲೆ ಬ್ರಿಟಿಷರು ಮಾಡುತ್ತಿದ್ದ ದೌರ್ಜನ್ಯ ಕೇಳಿ ಜಲಂಧರ್, ಸೋಲನ್‌ನಲ್ಲಿ ದಂಗೆ ಎದ್ದ, ಬ್ರಿಟಿಷ್ ಸೈನ್ಯದ ಕನಾಟ್ ರೇಂಜರ್ಸ್ ದಳದ ಸಿಪಾಯಿಗಳೂ ಐರಿಷರೇ, ಒಬ್ಬನನ್ನು ಗುಂಡಿಟ್ಟು ಕೊಂದರು. ಎರಡೂ ನಿಜ. ನಮ್ಮ ಸಂವಿಧಾನದ ನಿರ್ದೇಶಕ ತತ್ವಗಳು ಬಂದಿದ್ದು 1937ರ ಐರಿಷ್ ಸಂವಿಧಾನ ನೋಡಿ, ಅದನ್ನು ಪರೀಕ್ಷೆಗೆ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಜನಗಣಮನದ ರಾಗವನ್ನು 1919ರಲ್ಲಿ ಮದನಪಲ್ಲಿಯಲ್ಲಿ ಸ್ವರಕ್ಕೆ ಹಾಕಲು ನೆರವಾದ ಮಾರ್ಗರೆಟ್ ಕಸಿನ್ಸ್ ಐರಿಷ್ ಹೆಣ್ಣುಮಗಳು ಅನ್ನುವುದು ಪರೀಕ್ಷೆಗೆ ಬರಲಿಲ್ಲ.

ಅಡುಗೆಮನೆ

ಆಲೂಗಡ್ಡೆ ಬರುವ ಮುಂಚೆ ಐರಿಷರ ಊಟ ಅಂದರೆ ಓಟ್ಸ್, ಹಾಲು, ಮೊಸರು, ಬೆಣ್ಣೆ. ಹೈನನ್ನು ಬಿಳಿ ಊಟ ಅನ್ನುತ್ತಿದ್ದರು. ಬೆಣ್ಣೆಯನ್ನು ಜೌಗು ನೆಲದಲ್ಲಿ ಹೂತಿಡುತ್ತಿದ್ದರು, ಸಾವಿರಾರು ವರ್ಷ ಹಳೆಯ ಬೆಣ್ಣೆ ಮುದ್ದೆ ಇವತ್ತಿಗೂ ಸಿಗುತ್ತದೆ. ಈ ಬೆಣ್ಣೆಯ ಮೋಹಕ್ಕೆ ನಾನೂ ಬಿದ್ದು, ಒಂದು ಆನ್‌ಲೈನ್ ಅಂಗಡಿಯಿಂದ ಐರಿಷ್ ಬೆಣ್ಣೆ ತರಿಸಿದೆ. ಮೇ ತಿಂಗಳು. ಬಂದದ್ದು ಬೆಣ್ಣೆಯಲ್ಲ, ಡಬ್ಬಿ ತುಂಬ ಹಳದಿ ಎಣ್ಣೆ. ಅವ್ವ ಮೂಸಿ ನೋಡಿ, "ಇದಕ್ಕ ಎಂಟನೂರು ರೂಪಾಯಿ ಕೊಟ್ಟಿ?" ಅಂದಳು. ನೀವು ಮನೆಯ ಬೆಣ್ಣೆಯನ್ನೇ ಬಳಸಿ.

ಮೊದಲು ಮಾಡಬೇಕಾದ್ದು ಸೋಡಾ ಬ್ರೆಡ್. ಅಲ್ಲಿನ ಗೋಧಿ ಮೆದು, ಈಸ್ಟ್ ಹಾಕಿದರೆ ಚೆನ್ನಾಗಿ ಉಬ್ಬುವುದಿಲ್ಲ. 19ನೇ ಶತಮಾನದಲ್ಲಿ ಅಡುಗೆ ಸೋಡಾ ಅಗ್ಗವಾಗಿ ಸಿಗತೊಡಗಿದ ಮೇಲೆ ಮನೆಮನೆಯಲ್ಲೂ ಇದು ಬಂತು. ಬೇಕಾದ್ದು ಬೆಣ್ಣೆ ಕಡೆದ ಮೇಲೆ ಉಳಿಯುವ ಮಜ್ಜಿಗೆ, ಅಂದರೆ ನಮ್ಮ ಮಜ್ಜಿಗೆಯೇ. ಹುಳಿಗೂ ಸೋಡಾಕ್ಕೂ ಜಗಳ ಬಿದ್ದು ಗಾಳಿ ಗುಳ್ಳೆ ಏಳುತ್ತದೆ, ಬ್ರೆಡ್ ಉಬ್ಬುತ್ತದೆ.

125 ಗ್ರಾಂ ಗೋಧಿ ಹಿಟ್ಟು, 125 ಗ್ರಾಂ ಮೈದಾ, ಅರ್ಧ ಚಮಚ ಅಡುಗೆ ಸೋಡಾ, ಅರ್ಧ ಚಮಚ ಉಪ್ಪು. ಸೋಡಾವನ್ನು ಬೆರಳಲ್ಲಿ ಉಜ್ಜಿ ಹಾಕಿ, ಗಂಟು ಉಳಿದರೆ ಆ ಜಾಗ ಹಳದಿ ಕಲೆ, ಸೋಪಿನ ರುಚಿ. ಸುಮಾರು 200 ಎಂ.ಎಲ್. ಹುಳಿ ಮಜ್ಜಿಗೆ, ತೀರಾ ನೀರಾಗಿರಬಾರದು. ಮಜ್ಜಿಗೆ ಹಾಕುವ ಮುಂಚೆಯೇ ಪಾತ್ರೆ ಕಾಯಲು ಇಟ್ಟಿರಬೇಕು, ಇದು ಮುಖ್ಯ. ಹಳೆ ಕುಕ್ಕರ್ ತಗೊಳ್ಳಿ, ರಬ್ಬರ್ ಮತ್ತು ಸೀಟಿ ತೆಗೆಯಿರಿ, ತಳಕ್ಕೆ ಒಂದೂವರೆ ಲೋಟ ಉಪ್ಪು ಹರಡಿ, ಮೇಲೊಂದು ಸಣ್ಣ ಸ್ಟ್ಯಾಂಡ್, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಈಗ ಹಿಟ್ಟಿಗೆ ಮಜ್ಜಿಗೆ ಸುರಿದು ಕೈಯನ್ನು ಪಂಜದ ಹಾಗೆ ಮಾಡಿ ನಾಲ್ಕೈದು ಸುತ್ತು ತಿರುಗಿಸಿ, ಅಷ್ಟೇ. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ. ಜಿಗುಟಾಗೇ ಇರಲಿ. ದುಂಡಗೆ ಮಾಡಿ, ಎಣ್ಣೆ ಸವರಿದ ತಟ್ಟೆಯಲ್ಲಿಟ್ಟು, ಚಾಕುವಿನಿಂದ ಮೇಲೆ ಆಳವಾಗಿ ಕೂಡಿಸುವ ಗುರುತಿನ ಹಾಗೆ ಗೀರಿ. ನಡುಭಾಗ ಬೇಯಲಿ ಅಂತ ಇದು. ದೆವ್ವ ಓಡಿಸಲು, ಕುಳ್ಳ ಜನ ಹೊರಗೆ ಹೋಗಲು ಅಂತ ಅಜ್ಜಿಯರು ಹೇಳುತ್ತಾರೆ, ಹಾಗೂ ಇರಲಿ. ಸಣ್ಣ ಉರಿಗಿಂತ ಸ್ವಲ್ಪ ಜಾಸ್ತಿ ಇಟ್ಟು 40 ನಿಮಿಷ, ಆಮೇಲೆ ಮಗುಚಿ ಹತ್ತು ನಿಮಿಷ. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು, ಮಡಿಕೆ ಬಡಿದು ಕೊಳ್ಳುತ್ತೇವಲ್ಲ ಹಾಗೆ.

ನಾನು ಮೊದಲ ಸಲ ಹಿಟ್ಟು ಕಲಸಿ ಒಂದು ತಾಸು ನೆನೆಯಲು ಬಿಟ್ಟೆ. ದೋಸೆ ಹಿಟ್ಟಿನ ಅಭ್ಯಾಸ. ಇದ್ದ ಗಾಳಿಯೆಲ್ಲ ಹೋಗಿ ಬ್ರೆಡ್ ಬಿಲ್ಲೆಕಲ್ಲಾಯಿತು. ಎರಡನೇ ಸಲ ಉಬ್ಬಲಿ ಅಂತ ಮಿರ್ಚಿ ಹಿಟ್ಟಿಗೆ ಸುರಿದ ಹಾಗೆ ಕಣ್ಣಳತೆಯಲ್ಲಿ ಸೋಡಾ ಸುರಿದೆ, ನಾಯಿಯೂ ಮೂಸಲಿಲ್ಲ. ಮೂರನೆಯದು ಚೆನ್ನಾಗಿ ಬಂತು.

ಕೋಲ್‌ಕ್ಯಾನನ್ ಇನ್ನೂ ಸುಲಭ. ಆಲೂಗಡ್ಡೆ ಬೇಯಿಸಿ, ಬಿಸಿ ಹಾಲು ಹಾಕಿ ಹಿಸುಕಿ, ಬೇಯಿಸಿದ ಕ್ಯಾಬೀಜು ಸೇರಿಸಿ, ತಟ್ಟೆಯಲ್ಲಿ ಗುಡ್ಡೆ ಮಾಡಿ ನಡುವೆ ಕುಳಿ ತೆಗೆದು ಬೆಣ್ಣೆ ಇಡಿ. ಬೆಣ್ಣೆ ಕರಗಿ ಬಾವಿಯಾಗುತ್ತದೆ, ಸುತ್ತಲಿಂದ ಅದ್ದಿಕೊಂಡು ತಿನ್ನಬೇಕು. ಕ್ಯಾಬೀಜಿನ ಬದಲು ಉಳ್ಳಾಗಡ್ಡಿ ತಪ್ಪಲು ಹಾಕಿದರೆ ಅದರ ಹೆಸರು ಚಾಂಪ್. ಅವ್ವ ಒಂದು ತುತ್ತು ತಿಂದು, "ಜ್ವರ ಬಂದೋರ ಊಟ ಇದ್ದಂಗೈತಿ" ಅಂದು ಶೇಂಗಾ ಹಿಂಡಿ ಉದುರಿಸಿಕೊಂಡಳು. ನಿಜ ಹೇಳಬೇಕೆಂದರೆ ಶೇಂಗಾ ಹಿಂಡಿ ಜೊತೆಗೇ ಚೆನ್ನಾಗಿರುತ್ತದೆ. ಮಾಂಸ ತಿನ್ನುವವರು ಕುರಿ ಕುತ್ತಿಗೆ ಮಾಂಸ, ಆಲೂಗಡ್ಡೆ, ಉಳ್ಳಾಗಡ್ಡಿ ಇಷ್ಟನ್ನೇ ಸಣ್ಣ ಉರಿಯಲ್ಲಿ ಎರಡು ತಾಸು ಬೇಯಿಸಿದರೆ ಐರಿಷ್ ಸ್ಟೂ. ಗಜ್ಜರಿ ಹಾಕಬೇಕೋ ಬೇಡವೋ ಅಂತ ಅಲ್ಲಿ ಇನ್ನೂ ಜಗಳ ಮುಗಿದಿಲ್ಲ.

ಕುಡಿಯುವುದು

ಮೊದಲು ಚಹಾ. ತಲೆಗೊಂದರ ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಚಹಾ ಕುಡಿಯುವವರಲ್ಲಿ ಐರಿಷರೂ ಇದ್ದಾರೆ. ಗಟ್ಟಿ ಡಿಕಾಕ್ಷನ್, ಮೇಲೆ ಹಾಲು. ಮನೆಗೆ ಹೋದರೆ ಚಹಾ ಬೇಡ ಅಂತ ಒಂದು ಸಲ ಅಂದರೆ ಅವರು ನಂಬುವುದಿಲ್ಲ, ನಮ್ಮ ಹಾಗೇ.

ಈಗ ಕರೀ ಬಿಯರ್. ಅದರ ಹೆಸರು ಸ್ಟೌಟ್, ಆ ಬಣ್ಣ, ಕಹಿ ಬರುವುದು ಹುರಿದ ಬಾರ್ಲಿಯಿಂದ. ಆರ್ಥರ್ ಗಿನ್ನೆಸ್ 1759ರ ಡಿಸೆಂಬರ್ 31ಕ್ಕೆ ಡಬ್ಲಿನ್‌ನ ಸೇಂಟ್ ಜೇಮ್ಸ್ ಗೇಟ್ ಜಾಗವನ್ನು ವರ್ಷಕ್ಕೆ 45 ಪೌಂಡ್‌ನಂತೆ 9,000 ವರ್ಷಕ್ಕೆ ಲೀಸ್ ಬರೆಸಿಕೊಂಡ. ಸೈಟು ಕೊಳ್ಳುವವರು ಇಂಥ ಕರಾರು ಓದಿ ಕಲಿಯಬೇಕು! ಗ್ಲಾಸನ್ನು ಮುಕ್ಕಾಲು ತುಂಬಿಸಿ, ನೊರೆ ಇಳಿಯಲು ಬಿಟ್ಟು, ಆಮೇಲೆ ಪೂರ್ತಿ ಮಾಡುತ್ತಾರೆ. ಅವಸರ ಮಾಡಬೇಡಿ, ಕೌಂಟರಿನವನಿಗೆ ಸಿಟ್ಟು ಬರುತ್ತದೆ.

ವಿಸ್ಕಿ ಅನ್ನುವ ಪದವೇ ಐರಿಷ್ ಮತ್ತು ಸ್ಕಾಟಿಷ್ ಗೇಲಿಕ್‌ನ ಜೀವಜಲ ಅನ್ನುವ ಮಾತಿನಿಂದ ಬಂದದ್ದು. ಐರಿಷ್ ವಿಸ್ಕಿಯನ್ನು ಮರದ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಇಡಬೇಕು, ಹೆಚ್ಚಾಗಿ ಮೂರು ಸಲ ಬಟ್ಟಿ ಇಳಿಸುತ್ತಾರೆ. 1830ರಲ್ಲಿ ಏನಿಯಸ್ ಕಾಫಿ ಅನ್ನುವ ಐರಿಷ್ ಮಾಜಿ ಅಬಕಾರಿ ಅಧಿಕಾರಿ ಒಂದೇ ಸಮನೆ ಬಟ್ಟಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಐರಿಷ್ ದೊಡ್ಡ ಕಂಪನಿಗಳು ಇದು ವಿಸ್ಕಿಯೇ ಅಲ್ಲ ಅಂತ ಮೂಗು ಮುರಿದವು, ಸ್ಕಾಟ್ಲೆಂಡಿನವರು ಎತ್ತಿಕೊಂಡು ಮುಂದೆ ಹೋದರು. ಪೊಚೀನ್ ಅಂದರೆ ಅಲ್ಲಿನ ಕಳ್ಳಬಟ್ಟಿ. 1661ರಿಂದ ಮೂರು ಶತಮಾನಕ್ಕೂ ಜಾಸ್ತಿ ಕಾಲ ಅಬಕಾರಿಯವರ ಕಣ್ಣು ತಪ್ಪಿಸಿ ಬೇಯಿತು, 1997ರಲ್ಲಿ ಕಾನೂನು ಒಪ್ಪಿತು. ಈಗ ಅಂಗಡಿಯಲ್ಲಿ ಲೇಬಲ್ ಹಚ್ಚಿಕೊಂಡು ಕೂತಿದೆ.

ಕುಡಿಯದವರು ಇಲ್ಲಿ ಹೊರಗಿನವರಲ್ಲ. 1838ರಲ್ಲಿ ಕಾರ್ಕ್‌ನ ಫಾದರ್ ಮ್ಯಾಥ್ಯೂ ಕುಡಿತ ಬಿಡಿಸುವ ಚಳವಳಿ ಶುರು ಮಾಡಿದಾಗ ಲಕ್ಷ ಲಕ್ಷ ಜನ ಆಣೆ ಮಾಡಿ ಬಿಟ್ಟರು. ಪ್ಯಾಟ್ರಿಕ್ ಹಬ್ಬದ ದಿನ ಪಬ್ಬುಗಳು 1920ರ ದಶಕದಿಂದ ಹೆಚ್ಚುಕಮ್ಮಿ 1960ರವರೆಗೆ ಕಾನೂನು ಪ್ರಕಾರ ಮುಚ್ಚಿರುತ್ತಿದ್ದವು. ಹಸಿರು ಬಿಯರ್ ಅಮೆರಿಕದ ಆಟ. ಪಬ್ಬಿಗೆ ಹೋಗಿ ಚಹಾ ಅಥವಾ ಜ್ಯೂಸ್ ತಗೊಂಡು ಮೂಲೆಯಲ್ಲಿ ಕೂತು ಹಾಡು ಕೇಳಿ, ಯಾರೂ ಏನೂ ಅನ್ನುವುದಿಲ್ಲ. ಪಿಟೀಲು, ಕೊಳಲು, ಮೇಕೆ ಚರ್ಮದ ಬೋರಾನ್ ಅನ್ನುವ ತಮಟೆ ಇಟ್ಟುಕೊಂಡು ದುಂಡಗೆ ಕೂತಿರುತ್ತಾರೆ, ನಮ್ಮ ಭಜನೆ ಮೇಳದ ಹಾಗೆ, ವೇದಿಕೆ ಇಲ್ಲ. ನಿಮಗೆ ತಾಳ ಗೊತ್ತಿದೆ ಅಂತ ಟೇಬಲ್ ಬಡಿಯಬೇಡಿ. ಯಾರಾದರೂ ಒಬ್ಬರೇ ಹಾಡಲು ಶುರು ಮಾಡಿದರೆ ಮಾತು ನಿಲ್ಲಿಸಿ.

ಡಿಸೆಂಬರ್ ರಜೆಗೆ ಹುಡುಗ ಊರಿಗೆ ಬಂದ. ಸೋಡಾ ಬ್ರೆಡ್ಡು, ಶೇಂಗಾ ಹಿಂಡಿ, ಫ್ಲಾಸ್ಕಿನಲ್ಲಿ ಚಹಾ ತಗೊಂಡು ಗುಡ್ಡ ಹತ್ತಿದೆವು. ಅವನು ಕಿಂಡಿಯೊಳಗೆ ಇಣುಕಿದ. ಒಳಗೆ ಆಡಿನ ಮರಿಯೊಂದು ನೆರಳಿಗೆ ಮಲಗಿತ್ತು. ವಾಪಸ್ ಹೋಗಿ ಮಾರ್ಚ್‌ನಲ್ಲಿ ಒಂದು ಫೋಟೊ ಕಳಿಸಿದ್ದ. ಮಳೆ, ಬೂದಿ ಬಣ್ಣದ ಬಯಲು, ನಡುವೆ ಪೋಲ್‌ನಬ್ರೋನ್. ಕೆಳಗೆ ಬರೆದಿದ್ದ: "ಮಾಮಾ, ಮೋರೇರ ಮನಿ ಸಿಕ್ತು. ಇಲ್ಲಿ ಸುತ್ತ ಹಗ್ಗ ಕಟ್ಯಾರ, ಆಡಿಗೂ ಒಳಗ ಬಿಡಂಗಿಲ್ಲ."